ಅಡ್ಡಗೆರೆಯ ಪಕ್ಕದ ಅಕ್ಷರ

ಯಾರೋ ಅಕ್ಕರೆಯಿಂದ ಬರೆದಿಟ್ಟ ಟಿಪ್ಪಣಿಯಿಂದ ಒಂದು ಕಮಾಂಡನ್ನು ನಕಲು ಮಾಡಿ ಟರ್ಮಿನಲ್‌ಗೆ ಅಂಟಿಸಿದರೆ ಕೆಲವೊಮ್ಮೆ ಅದು ಓಡುವುದಿಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸಿದರೂ ತಪ್ಪು ಸಿಗುವುದಿಲ್ಲ. ಟಿಪ್ಪಣಿ ಬರೆದ ವರ್ಡ್ ಪ್ರೊಸೆಸರು ಪಕ್ಕಪಕ್ಕದ ಎರಡು ಹೈಫನ್‌ಗಳನ್ನು ತನ್ನಷ್ಟಕ್ಕೆ ತಾನೇ ಒಂದು ಉದ್ದ ಗೆರೆಯಾಗಿ ತಿದ್ದಿರುತ್ತದೆ. ಕಣ್ಣಿಗೆ ಅದೂ ಗೆರೆಯೇ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಹಾಗಲ್ಲ. ಹೈಫನ್ ಎಂದರೆ 45 ಎಂಬ ಒಂದೇ ಬೈಟು. ಉದ್ದ ಗೆರೆ ಎಂದರೆ 226ರಿಂದ ಶುರುವಾಗುವ ಮೂರು ಬೈಟುಗಳು. ಪದದ ಮೊದಲಿಗೆ 45 ಇಲ್ಲವೆಂದರೆ ಅದು ಆಪ್ಷನ್ ಅಲ್ಲ. ಹಾಗಾಗಿ ‘ಹೆಲ್ಪ್’ ಎಂದು ಕೇಳಿದವರಿಗೆ, ಆ ಹೆಸರಿನ ಫೈಲು ಇಲ್ಲ ಎಂಬ ಉತ್ತರ ಬರುತ್ತದೆ.

ಈ ಸಣ್ಣ ಕಿರಿಕಿರಿಯೊಳಗೆ ಇಡೀ ವಿಷಯ ಅಡಗಿದೆ. ಬಳಸುವವರು ಕೊಟ್ಟ ಪದಗಳಲ್ಲಿ ಯಾವುದು ಅಪ್ಪಣೆ, ಎಂದರೆ ಆಪ್ಷನ್, ಯಾವುದು ಆ ಅಪ್ಪಣೆಗೆ ಒಳಗಾಗುವ ಸರಕು ಎಂದು ಬೇರ್ಪಡಿಸುವುದೇ ಪಾರ್ಸಿಂಗ್. ಪ್ರೋಗ್ರಾಮು ತನ್ನ ನಿಜವಾದ ಕೆಲಸಕ್ಕೆ ಕೈಹಾಕುವ ಮೊದಲೇ ನಡೆಯುವ ಈ ವಿಂಗಡಣೆಯನ್ನು ಹೆಚ್ಚಿನವರು ಬೇಸರದ ಕೆಲಸವೆಂದು ಬೇಗ ಮುಗಿಸುತ್ತಾರೆ. ಆದರೆ ಮನುಷ್ಯರ ಮಾತು ಯಂತ್ರದ ಕಿವಿಗೆ ಮೊದಲು ಬೀಳುವುದು ಇಲ್ಲೇ. ಇಲ್ಲಿ ತಪ್ಪಿ ಕೇಳಿಸಿಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ.

ಸಿ ಪ್ರೋಗ್ರಾಮು ‘ಮೇನ್’ ಎಂಬ ಫಂಕ್ಷನ್ನಿನಿಂದ ಆರಂಭವಾಗುತ್ತದೆ. ಅದರ ಕೈಗೆ ಬರುವುದು ಎರಡು: ಆರ್ಗ್‌ಸಿ ಎಂಬ ಎಣಿಕೆ, ಆರ್ಗ್‌ವಿ ಎಂಬ ಸ್ಟ್ರಿಂಗ್‌ಗಳ ಸಾಲು. ಸಾಲಿನ ಸೊನ್ನೆಯ ಸ್ಥಾನದಲ್ಲಿ ಪ್ರೋಗ್ರಾಮಿನ ಹೆಸರು, ಅಲ್ಲಿಂದ ಮುಂದೆ ಕೊಟ್ಟ ಪದಗಳು, ಎಲ್ಲಕ್ಕೂ ಕೊನೆಗೆ ಒಂದು ನಲ್ ಪಾಯಿಂಟರ್. ಬ್ರಿಯಾನ್ ಕರ್ನಿಹ್ಯಾನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಹೊರತಂದ ಸಿ ಪುಸ್ತಕದ ಐದನೆಯ ಅಧ್ಯಾಯದಲ್ಲಿ, ಪಾಯಿಂಟರ್‌ಗಳ ಪಾಠದ ನಡುವೆ, ಇದಕ್ಕೆ ಎರಡು ಉದಾಹರಣೆಗಳಿವೆ. ಮೊದಲನೆಯದು ಕೊಟ್ಟ ಪದಗಳನ್ನು ಹಾಗೆಯೇ ತಿರುಗಿ ಹೇಳುವ ಎಕೋ. ಎರಡನೆಯದು ಸಾಲುಗಳಲ್ಲಿ ಒಂದು ವಿನ್ಯಾಸವನ್ನು ಹುಡುಕುವ ಪುಟ್ಟ ಪ್ರೋಗ್ರಾಮು. ಅದಕ್ಕೆ ಎಕ್ಸ್ ಮತ್ತು ಎನ್ ಎಂಬ ಎರಡು ಆಪ್ಷನ್‌ಗಳನ್ನು ಬಿಡಿಯಾಗಿಯೂ ಕೊಡಬಹುದು, ಒಂದೇ ಹೈಫನ್ನಿನ ಹಿಂದೆ ಜೋಡಿಸಿಯೂ ಕೊಡಬಹುದು. ಒಂದು ಲೂಪಿನೊಳಗೆ ಇನ್ನೊಂದು ಲೂಪು, ಒಳಗೊಂದು ಸ್ವಿಚ್. ಮುಂದೆ ಬಂದ ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ಅದೇ ಅಚ್ಚಿನಲ್ಲಿ ಮೂಡಿದವು.

ಮೇನ್‌ಗೆ ಬರುವ ಪದಗಳು ಬಳಸುವವರು ಬೆರಳಿನಿಂದ ಒತ್ತಿದ ಪದಗಳೇ ಎಂದೇನೂ ಅಲ್ಲ. ಅಡುಗೆಯವರ ಕೈಗೆ ಬರುವ ಹೊತ್ತಿಗೆ ತರಕಾರಿ ತೊಳೆದು ಹೆಚ್ಚಿ ಸಿದ್ಧವಾಗಿರುವಂತೆ, ಯೂನಿಕ್ಸ್‌ನಲ್ಲಿ ಷೆಲ್ ಎಂಬ ನಡುವಿನ ಪ್ರೋಗ್ರಾಮು ಆ ಸಾಲನ್ನು ಮೊದಲೇ ಕತ್ತರಿಸಿರುತ್ತದೆ. ಖಾಲಿ ಜಾಗ ಇದ್ದಲ್ಲಿ ತುಂಡು ಮಾಡುವುದು, ಉದ್ಧರಣ ಚಿಹ್ನೆಯೊಳಗಿನದನ್ನು ಇಡಿಯಾಗಿ ಉಳಿಸುವುದು, ನಕ್ಷತ್ರ ಚಿಹ್ನೆಯನ್ನು ಆ ಫೋಲ್ಡರಿನ ಫೈಲುಗಳ ಹೆಸರಾಗಿ ಬಿಡಿಸುವುದು, ಎಲ್ಲವೂ ಅದರ ಕೆಲಸ. ಇದರಿಂದ ಪ್ರತಿ ಪ್ರೋಗ್ರಾಮಿನ ಶ್ರಮ ಉಳಿಯಿತು, ಜೊತೆಗೇ ಒಂದು ಅಪಾಯವೂ ಬಂತು. ಫೋಲ್ಡರಿನಲ್ಲಿ ಹೈಫನ್ನಿನಿಂದ ಶುರುವಾಗುವ ಹೆಸರಿನ ಫೈಲೊಂದಿದ್ದು, ಅಲ್ಲಿ ನಕ್ಷತ್ರ ಕೊಟ್ಟು ಅಳಿಸುವ ಕಮಾಂಡ್ ಓಡಿಸಿದರೆ, ಆ ಫೈಲಿನ ಹೆಸರು ಆರ್ಗ್‌ವಿಯೊಳಗೆ ಆಪ್ಷನ್ ಆಗಿ ಬಂದು ಕೂರುತ್ತದೆ. ಹೆಸರು ಮತ್ತು ಅಪ್ಪಣೆಯ ನಡುವೆ ಗುರುತಿನ ವ್ಯತ್ಯಾಸವೇ ಇಲ್ಲ. ಅದಕ್ಕಾಗಿಯೇ ಯೂನಿಕ್ಸ್ ಬಗೆಯ ವ್ಯವಸ್ಥೆಗಳ ಪೋಸಿಕ್ಸ್ ಮಾನದಂಡ ಒಂಟಿಯಾಗಿ ನಿಂತ ಎರಡು ಹೈಫನ್‌ಗಳಿಗೆ ‘ಆಪ್ಷನ್‌ಗಳು ಇಲ್ಲಿಗೆ ಮುಗಿದವು’ ಎಂಬ ಅರ್ಥ ಕೊಟ್ಟಿದೆ. ಅದರಿಂದಾಚೆಗೆ ಬಂದದ್ದೆಲ್ಲ ಸರಕು. ಒಂಟಿ ಹೈಫನ್ ಬಂದರೆ ಸಾಮಾನ್ಯವಾಗಿ ಅದು ಫೈಲಿನ ಬದಲು ಸ್ಟ್ಯಾಂಡರ್ಡ್ ಇನ್‌ಪುಟ್ ಓದು ಎಂಬ ಸೂಚನೆ.

ಸೊನ್ನೆಯ ಸ್ಥಾನದಲ್ಲಿ ಹೆಸರು ಇದ್ದೇ ಇರುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ಟೊಳ್ಳು. ಒಂದು ಪ್ರೋಗ್ರಾಮು ಇನ್ನೊಂದನ್ನು ಎಬ್ಬಿಸುವಾಗ ಸಾಲನ್ನು ಪೂರ್ತಿ ಖಾಲಿ ಬಿಡಲು ಲಿನಕ್ಸ್ ಬಹುಕಾಲ ಅವಕಾಶ ಕೊಟ್ಟಿತ್ತು. ಆಗ ಆರ್ಗ್‌ಸಿ ಸೊನ್ನೆ. ಬೇರೆಯವರ ಅಧಿಕಾರದಲ್ಲಿ ಕಮಾಂಡ್ ನಡೆಸಿಕೊಡುವ ಪಿಕೆಎಕ್ಸೆಕ್ ಎಂಬ ಪ್ರೋಗ್ರಾಮು ತನ್ನ ಲೂಪನ್ನು ನೇರವಾಗಿ ಒಂದನೆಯ ಸ್ಥಾನದಿಂದ ಆರಂಭಿಸುತ್ತಿತ್ತು. ಸಾಲು ಖಾಲಿಯಿದ್ದಾಗ ಒಂದನೆಯ ಸ್ಥಾನ ಸಾಲಿನ ಹೊರಗೆ ಬೀಳುತ್ತದೆ. ನೆನಪಿನಲ್ಲಿ ಅದಕ್ಕೆ ಅಂಟಿಕೊಂಡೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಪಟ್ಟಿ ಇರುತ್ತದೆ. ಅದನ್ನು ಓದಿ, ಅದರ ಮೇಲೆಯೇ ಬರೆದು, ಸಾಮಾನ್ಯ ಬಳಕೆದಾರನೊಬ್ಬನ ಕೈಗೆ ಪ್ರೋಗ್ರಾಮು ಇಡೀ ಯಂತ್ರದ ಯಜಮಾನಿಕೆ ಒಪ್ಪಿಸಬಹುದಾಗಿತ್ತು. 2009ರ ಮೊದಲ ಆವೃತ್ತಿಯಿಂದಲೇ ಇದ್ದ ಈ ದೋಷ ಬಯಲಾದದ್ದು 2022ರ ಜನವರಿಯಲ್ಲಿ. ಆಮೇಲೆ ಲಿನಕ್ಸ್ ಕರ್ನಲ್ 5.18ನೆಯ ಆವೃತ್ತಿಯಿಂದ ಖಾಲಿ ಸಾಲಿನ ಜಾಗದಲ್ಲಿ ಒಂದು ಖಾಲಿ ಸ್ಟ್ರಿಂಗನ್ನಾದರೂ ತಾನೇ ಇಡುತ್ತದೆ. ಆರ್ಗ್‌ಸಿ ಕನಿಷ್ಠ ಒಂದಿದೆಯೇ ಎಂಬ ಒಂದೇ ಸಾಲಿನ ಪರೀಕ್ಷೆ ಇಷ್ಟನ್ನೂ ತಪ್ಪಿಸುತ್ತಿತ್ತು.

ಪ್ರತಿಯೊಬ್ಬರೂ ತಮ್ಮ ಲೂಪನ್ನು ತಾವೇ ಬರೆದುಕೊಳ್ಳುತ್ತಿದ್ದ ಕಾಲದ ಗುರುತುಗಳು ಇಂದಿಗೂ ಉಳಿದಿವೆ. ಟಾರ್ ಕಮಾಂಡಿಗೆ ಹೈಫನ್ ಬೇಕಿಲ್ಲ. ಎಕ್ಸ್, ವಿ, ಎಫ್ ಎಂದು ಬರಿಯ ಅಕ್ಷರಗಳನ್ನು ಕೊಟ್ಟರೆ ಸಾಕು. ಡಿಡಿ ಐಬಿಎಂನ ದೊಡ್ಡ ಯಂತ್ರಗಳ ಜಾಬ್ ಕಂಟ್ರೋಲ್ ಭಾಷೆಯನ್ನು ನೆನಪಿಸುವಂತೆ ‘ಐಎಫ್’, ಸಮಚಿಹ್ನೆ, ಫೈಲಿನ ಹೆಸರು ಎಂಬ ಕ್ರಮದಲ್ಲಿ ಕೇಳಿಸಿಕೊಳ್ಳುತ್ತದೆ. ಫೈಂಡ್‌ಗೆ ಒಂದೇ ಹೈಫನ್ನಿನ ಹಿಂದೆ ಇಡೀ ಪದ. ಪಿಎಸ್ ಇನ್ನೂ ವಿಚಿತ್ರ: ‘ಎಯುಎಕ್ಸ್’ ಎಂದು ಬರೆದರೆ ಒಂದು ಅರ್ಥ, ಅದರ ಮೊದಲಿಗೆ ಹೈಫನ್ ಸೇರಿಸಿದರೆ, ಮಾನದಂಡದ ಪ್ರಕಾರ, ಎಕ್ಸ್ ಎಂಬ ಹೆಸರಿನ ಬಳಕೆದಾರರ ಪ್ರಕ್ರಿಯೆಗಳನ್ನೂ ತೋರಿಸು ಎಂಬ ಬೇರೆಯೇ ಅರ್ಥ. ಇವೆಲ್ಲ ತಪ್ಪುಗಳಲ್ಲ. ಒಂದೇ ಊರಿನ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಮಾತುಗಳು. ಬಳಸುವವರ ಬೆರಳಿಗೆ ಅಂಟಿಕೊಂಡ ಮೇಲೆ ತಿದ್ದುವ ಅಧಿಕಾರ ಯಾರಿಗೂ ಉಳಿಯಲಿಲ್ಲ.

ಈ ಗೊಂದಲಕ್ಕೆ ಎಟಿ ಆ್ಯಂಡ್ ಟಿ ಒಳಗೆ ರೂಪುಗೊಂಡ ಉತ್ತರ ಗೆಟ್‌ಆಪ್ಟ್. ಅದರ ಮೂಲವನ್ನು 1985ರಲ್ಲಿ ಡಲ್ಲಾಸ್‌ನ ಯೂನಿಫೋರಮ್ ಸಮ್ಮೇಳನದಲ್ಲಿ ಎಲ್ಲರಿಗೂ ತೆರೆದಿಡಲಾಯಿತು. ಬಳಸುವ ರೀತಿ ಸರಳ. ಒಪ್ಪುವ ಅಕ್ಷರಗಳನ್ನೆಲ್ಲ ಒಂದು ಪುಟ್ಟ ಸ್ಟ್ರಿಂಗ್‌ನಲ್ಲಿ ಬರೆಯಬೇಕು. ಬೆಲೆ ಬೇಡುವ ಅಕ್ಷರದ ಮುಂದೆ ಕೋಲನ್ ಇಡಬೇಕು. ಪ್ರತಿ ಸಲ ಕರೆದಾಗಲೂ ಗೆಟ್‌ಆಪ್ಟ್ ಒಂದು ಅಕ್ಷರ ಕೊಡುತ್ತದೆ; ಅದರ ಬೆಲೆ ಆಪ್ಟ್‌ಆರ್ಗ್‌ನಲ್ಲಿ, ಮುಂದೆ ನೋಡಬೇಕಾದ ಸ್ಥಾನ ಆಪ್ಟ್‌ಇಂಡ್‌ನಲ್ಲಿ. ಗೊತ್ತಿಲ್ಲದ ಅಕ್ಷರ ಬಂದರೆ ಪ್ರಶ್ನಾರ್ಥಕ ಚಿಹ್ನೆ, ಎಲ್ಲ ಮುಗಿದರೆ -1. ಆ ಸಣ್ಣ ಸ್ಟ್ರಿಂಗು ಒಂದು ಇಡೀ ಪ್ರೋಗ್ರಾಮಿನ ವ್ಯಾಕರಣವನ್ನು ಹತ್ತು ಹನ್ನೆರಡು ಅಕ್ಷರಗಳಲ್ಲಿ ಹೇಳಿಬಿಡುತ್ತದೆ. ಸಿ ಲೈಬ್ರರಿಯಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕೆಲಸ ಮುಗಿಸುವ ವಿನ್ಯಾಸಗಳು ಹೆಚ್ಚಿಲ್ಲ.

ಸರಳವಾದದ್ದರಲ್ಲೂ ಒಂದು ಮುಳ್ಳಿದೆ. ಬರುವುದು ಅಕ್ಷರ ತಾನೇ ಎಂದು ಉತ್ತರವನ್ನು ಚಾರ್ ಜಾತಿಯ ವೇರಿಯಬಲ್‌ನಲ್ಲಿ ಹಿಡಿದರೆ ಇಂಟೆಲ್ ಯಂತ್ರದ ಮೇಲೆ ಎಲ್ಲ ಸರಿಯಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಚಾರ್‌ಗೆ ಋಣ ಸಂಖ್ಯೆ ಹಿಡಿಯುತ್ತದೆ. ಅದೇ ಪ್ರೋಗ್ರಾಮನ್ನು ಆರ್ಮ್ ಪ್ರೊಸೆಸರಿನ ಲಿನಕ್ಸ್‌ಗೆ, ಎಂದರೆ ಒಂದು ರಾಸ್ಪ್‌ಬೆರಿ ಪೈಗೆ ಒಯ್ದರೆ ಅಲ್ಲಿ ಚಾರ್ ಎಂದರೆ 0ಯಿಂದ 255. -1 ಅಲ್ಲಿ 255 ಆಗುತ್ತದೆ, -1ಕ್ಕೆ ಎಂದೂ ಸಮನಾಗುವುದಿಲ್ಲ, ಲೂಪು ನಿಲ್ಲುವುದಿಲ್ಲ. ಉತ್ತರವನ್ನು ಇಂಟ್‌ನಲ್ಲಿ ಹಿಡಿಯಬೇಕೆಂದು ಕೈಪಿಡಿ ಹೇಳುವುದು ಇದಕ್ಕಾಗಿ.

ಗ್ನೂ ಯೋಜನೆ ಇದಕ್ಕೆ ಉದ್ದ ಹೆಸರುಗಳನ್ನು ಸೇರಿಸಿತು. ಎರಡು ಹೈಫನ್, ಹಿಂದೆ ಒಂದು ಪೂರ್ತಿ ಪದ. ಹೆಸರು, ಬೆಲೆ ಬೇಕೇ ಬೇಡವೇ, ಬಂದಾಗ ಏನು ತಿಳಿಸಬೇಕು ಎಂಬ ವಿವರಗಳ ಒಂದು ಪಟ್ಟಿಯನ್ನು ಗೆಟ್‌ಆಪ್ಟ್ ಲಾಂಗ್‌ಗೆ ಒಪ್ಪಿಸಿದರಾಯಿತು. ಪಟ್ಟಿಯ ಕೊನೆಗೆ ಸೊನ್ನೆಗಳಿಂದ ತುಂಬಿದ ಸಾಲೊಂದನ್ನು ಇಡಲು ಮರೆತರೆ ಹುಡುಕಾಟ ಪಟ್ಟಿಯಾಚೆಗೆ ಹೋಗುತ್ತದೆ. ಗ್ನೂ ಇನ್ನೂ ಒಂದು ಉದಾರತೆ ತೋರಿತು. ಫೈಲಿನ ಹೆಸರಿನ ನಂತರ ಆಪ್ಷನ್ ಬಂದರೂ ಆರ್ಗ್‌ವಿಯ ಸಾಲನ್ನು ತಾನೇ ಹೊಂದಿಸಿಕೊಂಡು ಅರ್ಥ ಮಾಡಿಕೊಳ್ಳುತ್ತದೆ. ಮಾನದಂಡದ ಪ್ರಕಾರ ಮೊದಲ ಸರಕು ಕಂಡ ಕೂಡಲೇ ನಿಲ್ಲಬೇಕು; ಅದೇ ಬೇಕೆನ್ನುವವರು ಪೋಸಿಕ್ಸ್‌ಲಿ ಕರೆಕ್ಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟುಕೊಳ್ಳಬಹುದು. ಉದ್ದ ಹೆಸರನ್ನು ಅರ್ಧಕ್ಕೆ ನಿಲ್ಲಿಸಿದರೂ, ಬೇರೆ ಯಾವ ಹೆಸರಿಗೂ ಅದು ಹೊಂದದಿದ್ದರೆ, ಒಪ್ಪುತ್ತದೆ. ಸ್ಕ್ರಿಪ್ಟ್ ಬರೆಯುವವರು ಮಾತ್ರ ಈ ಸಲಿಗೆಯನ್ನು ನಂಬಬಾರದು. ಇಂದು ಒಂದೇ ಹೆಸರಿಗೆ ಹೊಂದುವ ಅರ್ಧ ಪದ, ನಾಳಿನ ಆವೃತ್ತಿಯಲ್ಲಿ ಹೊಸ ಆಪ್ಷನ್ ಬಂದಾಗ ಎರಡಕ್ಕೆ ಹೊಂದಿ ಕೆಲಸ ನಿಲ್ಲಿಸುತ್ತದೆ.

ಆಪ್ಷನ್ ಗುರುತಾದ ಮೇಲೆ ಅದರ ಬೆಲೆ ಇನ್ನೂ ಸ್ಟ್ರಿಂಗ್ ಆಗಿಯೇ ಇರುತ್ತದೆ. ಪೋರ್ಟ್ ಸಂಖ್ಯೆಯನ್ನೋ ಸೆಕೆಂಡುಗಳನ್ನೋ ಅಂಕಿಯಾಗಿಸಲು ಎಟೋಐ ಎಂಬ ಹಳೆಯ ಫಂಕ್ಷನ್ ಇದೆ. ಅದನ್ನು ಇಲ್ಲಿ ಬಳಸದಿರುವುದೇ ಲೇಸು. ‘0’ ಎಂದು ಕೊಟ್ಟರೂ, ‘ಹತ್ತು’ ಎಂದು ಬರೆದರೂ ಅದರ ಉತ್ತರ ಸೊನ್ನೆಯೇ. ಕನ್ನಡದ ಅಂಕಿಗಳಲ್ಲಿ ೮೦೮೦ ಎಂದು ಬರೆದರೂ ಸೊನ್ನೆಯೇ, ಏಕೆಂದರೆ ಸಿ ಲೈಬ್ರರಿಗೆ ಗೊತ್ತಿರುವ ಅಂಕಿಗಳು 0ಯಿಂದ 9ರವರೆಗಿನ ಹತ್ತು ಬೈಟುಗಳು ಮಾತ್ರ. ಸ್ಟ್ರ್‌ಟೋಲ್ ಕೂಡ ಕನ್ನಡದ ಅಂಕಿಯನ್ನು ಓದುವುದಿಲ್ಲ, ಆದರೆ ಎಲ್ಲಿಯವರೆಗೆ ಓದಿದೆ ಎಂದು ಒಂದು ಪಾಯಿಂಟರಿನಲ್ಲಿ ತೋರಿಸುತ್ತದೆ. ಆ ಪಾಯಿಂಟರ್ ಆರಂಭದಲ್ಲೇ ನಿಂತಿದ್ದರೆ ಅಂಕಿಯೇ ಸಿಗಲಿಲ್ಲ. ಸ್ಟ್ರಿಂಗಿನ ಕೊನೆ ಮುಟ್ಟದಿದ್ದರೆ ಹಿಂದೆ ಏನೋ ಕಸ ಉಳಿದಿದೆ. ಸಂಖ್ಯೆ ಹಿಡಿಸದಷ್ಟು ದೊಡ್ಡದಾಗಿದ್ದರೆ ಎರ್‌ನೋ ಅದನ್ನು ಹೇಳುತ್ತದೆ. ಸಂಖ್ಯಾಮೂಲವನ್ನು 0 ಎಂದು ಕೊಟ್ಟರೆ ‘010’ ಎಂಬುದು ಎಂಟಾಗುತ್ತದೆ, ಸೊನ್ನೆ ಮೊದಲಿದ್ದರೆ ಅಷ್ಟಮಾನ ಎಂಬ ನಿಯಮದಿಂದ. ದಿನಾಂಕದ ತಿಂಗಳನ್ನು ಎರಡು ಅಂಕಿಗಳಲ್ಲಿ ಬರೆಯುವವರಿಗೆ ಹಾಗೆ ಓದುವ ಪ್ರೋಗ್ರಾಮು ಆಗಸ್ಟ್ ಬರುವವರೆಗೂ ಸರಿಯಾಗಿಯೇ ಇರುತ್ತದೆ. 08ರಲ್ಲಿ ಸೊನ್ನೆಯ ಮುಂದಿನ ಎಂಟು ಅಷ್ಟಮಾನದ ಅಂಕಿಯಲ್ಲ.

ಅಪ್ಪಣೆ ಮತ್ತು ಸರಕಿನ ಗಡಿ ಅಳಿಸಿಹೋದ ಘಟನೆಗಳಲ್ಲಿ ಅತಿ ಬೋಧಪ್ರದವಾದದ್ದು 1994ರದು. ದೂರದ ಯಂತ್ರಕ್ಕೆ ಆರ್‌ಲಾಗಿನ್ ಮೂಲಕ ಬರುವವರ ಹೆಸರನ್ನು ಆ ಯಂತ್ರ ಲಾಗಿನ್ ಎಂಬ ಪ್ರೋಗ್ರಾಮಿಗೆ ದಾಟಿಸುತ್ತಿತ್ತು. ಲಾಗಿನ್‌ಗೆ ಎಫ್ ಎಂಬ ಆಪ್ಷನ್ ಇತ್ತು: ಇವರ ಗುರುತು ಆಗಲೇ ಖಚಿತವಾಗಿದೆ, ಪಾಸ್‌ವರ್ಡ್ ಕೇಳಬೇಡ. ಬಂದವರು ತಮ್ಮ ಹೆಸರೇ ‘ಹೈಫನ್, ಎಫ್, ರೂಟ್’ ಎಂದು ಹೇಳಿಕೊಂಡರೆ ಐಬಿಎಂನ ಎಐಎಕ್ಸ್ ಯಂತ್ರಗಳು ಬಾಗಿಲು ತೆರೆದು ಯಜಮಾನನ ಸ್ಥಾನ ಕೊಡುತ್ತಿದ್ದವು. ಹದಿಮೂರು ವರ್ಷಗಳ ನಂತರ, 2007ರಲ್ಲಿ, ಸೋಲಾರಿಸ್ 10ರ ಟೆಲ್‌ನೆಟ್‌ನಲ್ಲಿ ಇದೇ ಬಾಗಿಲು ಇದೇ ಬಗೆಯ ಹೆಸರಿಗೆ ತೆರೆದುಕೊಂಡಿತು. ದಾಟಿಸುವಾಗ ಹೆಸರಿನ ಮೊದಲು ಎರಡು ಹೈಫನ್‌ಗಳ ಆ ಗಡಿಕಲ್ಲನ್ನು ನೆಡಬೇಕೆಂಬುದು ಅಷ್ಟರಲ್ಲಿ ಹಳೆಯ ತಿಳಿವಳಿಕೆಯಾಗಿತ್ತು.

ಯಜಮಾನನ ಅಧಿಕಾರದಲ್ಲಿ ಕಮಾಂಡ್ ನಡೆಸಿಕೊಡುವ ಸುಡೋ ಪ್ರೋಗ್ರಾಮಿನ ಕಥೆ ಇನ್ನೂ ಸೂಕ್ಷ್ಮ. ಅದರ ಒಂದು ಭಾಗ ವಿಶೇಷ ಚಿಹ್ನೆಗಳ ಮೊದಲು ಬ್ಯಾಕ್‌ಸ್ಲ್ಯಾಷ್ ಸೇರಿಸುತ್ತದೆ, ಇನ್ನೊಂದು ಭಾಗ ಅದನ್ನು ತೆಗೆಯುತ್ತದೆ. ಸುಡೋಎಡಿಟ್ ಎಂಬ ಹೆಸರಿನಿಂದ ಕರೆದು ಎಸ್ ಆಪ್ಷನ್ ಕೊಟ್ಟಾಗ ಸೇರಿಸುವ ಭಾಗ ಓಡುತ್ತಿರಲಿಲ್ಲ, ತೆಗೆಯುವ ಭಾಗ ಮಾತ್ರ ಓಡುತ್ತಿತ್ತು. ಕೊಟ್ಟ ಪದ ಒಂಟಿ ಬ್ಯಾಕ್‌ಸ್ಲ್ಯಾಷ್‌ನಲ್ಲಿ ಮುಗಿದರೆ ಅದನ್ನು ಹಾರಿಸುವ ಭರದಲ್ಲಿ ಸ್ಟ್ರಿಂಗಿನ ಕೊನೆ ಸಾರುವ ಸೊನ್ನೆ ಬೈಟೂ ಹಾರಿಹೋಗಿ, ನಕಲು ಬಫರಿನಾಚೆ ಹರಿಯುತ್ತಿತ್ತು. 2011ರ ಜುಲೈನಲ್ಲಿ ಸೇರಿದ ಈ ದೋಷ ಪ್ರಕಟವಾದದ್ದು 2021ರ ಜನವರಿಯಲ್ಲಿ. ಅಷ್ಟು ವರ್ಷ ಆ ಕೋಡನ್ನು ಓದಿದವರೆಲ್ಲರ ಕಣ್ಣು ಮುಖ್ಯ ಕೆಲಸದ ಮೇಲಿತ್ತೇ ಹೊರತು ಪೀಠಿಕೆಯ ಮೇಲಲ್ಲ ಎಂದು ತೋರುತ್ತದೆ.

ಪ್ರತಿ ಸಲವೂ ಅದೇ ಆಪ್ಷನ್‌ಗಳನ್ನು ಬರೆಯುವುದು ಬೇಸರವೆನಿಸಿದಾಗ ಅವು ಕಾನ್ಫಿಗ್ ಫೈಲಿಗೆ ಇಳಿಯುತ್ತವೆ. ಯೂನಿಕ್ಸ್‌ನಲ್ಲಿ ಆ ಫೈಲುಗಳ ಹೆಸರು ಚುಕ್ಕಿಯಿಂದ ಶುರುವಾಗುವುದಕ್ಕೆ ಹಿನ್ನೆಲೆಯುಂಟು, ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಅದನ್ನು ಹೇಳಿದ್ದಾರೆ. ಫೋಲ್ಡರಿನ ಪಟ್ಟಿಯಲ್ಲಿ ಒಂಟಿ ಚುಕ್ಕಿ ಮತ್ತು ಜೋಡಿ ಚುಕ್ಕಿಯ ನಮೂದುಗಳು ಕಾಣದಿರಲೆಂದು ಎಲ್‌ಎಸ್ ಪ್ರೋಗ್ರಾಮಿಗೆ, ಅದಿನ್ನೂ ಅಸೆಂಬ್ಲಿಯಲ್ಲಿದ್ದ ಕಾಲದಲ್ಲಿ, ಒಂದು ಪರೀಕ್ಷೆ ಸೇರಿಸಲಾಯಿತು. ಪೂರ್ತಿ ಹೆಸರನ್ನು ಹೋಲಿಸುವ ಬದಲು ಅದು ಮೊದಲ ಅಕ್ಷರವನ್ನಷ್ಟೇ ನೋಡಿತು. ಚುಕ್ಕಿಯಿಂದ ಶುರುವಾಗುವ ಎಲ್ಲ ಹೆಸರೂ ಮರೆಯಾಯಿತು. ಮರೆಯಿದ್ದಲ್ಲಿ ಪ್ರೋಗ್ರಾಮುಗಳು ತಮ್ಮ ಸರಂಜಾಮು ತಂದಿಟ್ಟವು. ಇಂದು ಲಿನಕ್ಸ್‌ನಲ್ಲಿ ಅವನ್ನೆಲ್ಲ ‘ಚುಕ್ಕಿ ಕಾನ್ಫಿಗ್’ ಎಂಬ ಒಂದೇ ಫೋಲ್ಡರಿಗೆ ಸೇರಿಸುವ ಒಪ್ಪಂದವಿದ್ದರೂ ಹಳೆಯ ಪ್ರೋಗ್ರಾಮುಗಳು ಮನೆಯ ಅಂಗಳದಲ್ಲೇ ಉಳಿದಿವೆ.

ಫೈಲಿನೊಳಗಿನ ರೂಪ ಹೇಗಿರಬೇಕೆಂದು ಸಿ ಭಾಷೆ ಏನೂ ಹೇಳುವುದಿಲ್ಲ. ವಿಂಡೋಸ್‌ನಿಂದ ಪರಿಚಿತವಾದ ಐಎನ್‌ಐ ರೂಪ, ಎಂದರೆ ಚೌಕ ಆವರಣದಲ್ಲಿ ವಿಭಾಗದ ಹೆಸರು, ಕೆಳಗೆ ಹೆಸರು ಸಮಚಿಹ್ನೆ ಬೆಲೆ ಎಂಬ ಸಾಲುಗಳು, ಸಣ್ಣ ಪ್ರೋಗ್ರಾಮುಗಳಿಗೆ ಸಾಕು. ರೂಪವನ್ನು ಅವಸರದಲ್ಲಿ ನಿಶ್ಚಯಿಸಿದರೆ ಅದು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ, ಪ್ರೋಗ್ರಾಮುಗಳನ್ನು ಕಟ್ಟಿಕೊಡುವ ಮೇಕ್ ಸಾಕ್ಷಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆಯುವಾಗ ಕಮಾಂಡಿನ ಸಾಲು ಟ್ಯಾಬ್‌ನಿಂದ ಶುರುವಾಗಬೇಕೆಂದು ಇಟ್ಟರು, ಪಾರ್ಸ್ ಮಾಡಲು ಅದು ಸುಲಭವಾಗಿತ್ತು. ಕೆಲವು ವಾರಗಳಲ್ಲಿ ಬಳಸುವವರು ಹನ್ನೆರಡರಷ್ಟಾದರು, ಹೆಚ್ಚಿನವರು ಗೆಳೆಯರು. ಅವರ ಫೈಲುಗಳನ್ನು ಕೆಡಿಸಬಾರದೆಂದು ನಿಯಮ ಹಾಗೇ ಉಳಿಯಿತು. ಕಣ್ಣಿಗೆ ಕಾಣದ ಆ ಟ್ಯಾಬಿನ ಜಾಗದಲ್ಲಿ ಎಂಟು ಖಾಲಿ ಜಾಗಗಳಿದ್ದು ಕೆಲಸ ಕೆಡುವುದು ಇಂದಿಗೂ ನಡೆದಿದೆ.

ಸಾಲು ಸಾಲಾಗಿ ಓದಲು ಎಫ್‌ಗೆಟ್ಸ್ ಇದೆ. ಸಾಲಿನ ಕೊನೆಯ ಹೊಸಸಾಲಿನ ಗುರುತು ತೆಗೆಯಬೇಕು. ವಿಂಡೋಸ್‌ನಲ್ಲಿ ಬರೆದ ಫೈಲಾದರೆ ಅದಕ್ಕೂ ಮೊದಲು ಇನ್ನೊಂದು ಬೈಟಿರುತ್ತದೆ, ಅದನ್ನೂ ತೆಗೆಯಬೇಕು. ಫೈಲಿನ ಆರಂಭದಲ್ಲಿ ಕೆಲವು ಎಡಿಟರ್‌ಗಳು ಇಡುವ ಮೂರು ಬೈಟುಗಳ ಗುರುತನ್ನು ದಾಟಬೇಕು. ಕೊನೆಯ ಸಾಲಿಗೆ ಹೊಸಸಾಲಿನ ಗುರುತೇ ಇಲ್ಲದಿರಬಹುದು. ತುಂಡರಿಸಲು ಸ್ಟ್ರ್‌ಟೋಕ್ ಬಳಸಿದರೆ ಅದು ಮೂಲ ಸಾಲನ್ನೇ ಕತ್ತರಿಸುತ್ತದೆ, ಅಕ್ಕಪಕ್ಕದ ಎರಡು ಅಲ್ಪವಿರಾಮಗಳ ನಡುವಿನ ಖಾಲಿ ಬೆಲೆಯನ್ನು ನುಂಗುತ್ತದೆ.

ಬೆಲೆಯಲ್ಲಿ ಕನ್ನಡ ಬಂದಾಗ ಇನ್ನಷ್ಟು ಎಚ್ಚರ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಓದುವವರಿಗೆ ‘ಲಕ್ಷ್ಮಿ’ ಎರಡೇ ಅಕ್ಷರ. ಒತ್ತು, ಗುಣಿತ, ವಿರಾಮಗಳನ್ನು ಬಿಡಿಸಿದರೆ ಏಳು ಸಂಕೇತ, 21 ಬೈಟು. 200 ಬೈಟುಗಳ ಬಫರ್ ಇಟ್ಟು ಇದು ಧಾರಾಳ ಎಂದುಕೊಂಡ ಪ್ರೋಗ್ರಾಮಿಗೆ ಇಂಥ ಹತ್ತು ಪದಗಳ ಸಾಲು ಹಿಡಿಸುವುದಿಲ್ಲ, ಕತ್ತರಿಸುವಾಗ ಒಂದು ಸಂಕೇತದ ನಡುವೆಯೇ ಕತ್ತರಿ ಬೀಳಬಹುದು. ಪ್ರತಿ ಕನ್ನಡ ಸಂಕೇತದ ಮೊದಲ ಬೈಟು 224. ಇಂಟೆಲ್ ಯಂತ್ರದ ಚಾರ್‌ನಲ್ಲಿ ಅದು -32. ಅದನ್ನು ಹಾಗೆಯೇ ಇಸ್‌ಸ್ಪೇಸ್‌ಗೆ ಕೊಟ್ಟರೆ ಏನಾಗಬೇಕೆಂದು ಸಿ ಮಾನದಂಡ ಹೇಳಿಲ್ಲ. ಗ್ನೂ ಲೈಬ್ರರಿ ಸಹಿಸಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಡೀಬಗ್ ಆವೃತ್ತಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಅನ್‌ಸೈನ್ಡ್ ಚಾರ್ ಆಗಿ ಬದಲಿಸಿ ಕೊಡುವುದು ಸರಿಯಾದ ಕ್ರಮ, ಅದೂ ಎಲ್ಲ ಕಡೆ ಸಾಲದು. ಮ್ಯಾಕ್ ಯಂತ್ರಗಳ ಇಸ್‌ಸ್ಪೇಸ್, ಯುಟಿಎಫ್-8 ಲೊಕೇಲ್‌ನಲ್ಲೂ, 133 ಮತ್ತು 160 ಎಂಬ ಬೈಟುಗಳನ್ನು ಖಾಲಿ ಜಾಗವೆಂದು ಹೇಳಿದ್ದುಂಟು. ‘ಅ’ ಅಕ್ಷರದ ಕೊನೆಯ ಬೈಟು 133. ‘ಠ’ ಅಕ್ಷರದ ಕೊನೆಯ ಬೈಟು 160. ಅಂಥ ಪಾರ್ಸರಿನಲ್ಲಿ ‘ಅಕ್ಷರ’ ಎಂಬ ಪದ ಮೊದಲ ಅಕ್ಷರದೊಳಗೇ ಒಡೆಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎಚ್‌ಸ್ಟೋರ್ ಪಾರ್ಸರ್ ಇದೇ ಕಲ್ಲಿಗೆ ಎಡವಿ, ಆಸ್ಕಿಯ ಖಾಲಿ ಜಾಗಗಳನ್ನಷ್ಟೇ ಗುರುತಿಸುವ ಪರೀಕ್ಷೆಗೆ ಬದಲಾಯಿತು. ಕನ್ನಡದ ಬೆಲೆಗಳನ್ನು ಓದಬೇಕಾದ ಯಾವ ಪ್ರೋಗ್ರಾಮಿಗೂ ಅದೇ ಒಳ್ಳೆಯ ದಾರಿ.

ಕಮಾಂಡಿನಲ್ಲಿ ಒಂದು, ಫೈಲಿನಲ್ಲಿ ಇನ್ನೊಂದು ಬೆಲೆ ಇದ್ದರೆ ಯಾವುದು ಗೆಲ್ಲಬೇಕು? ರೂಢಿ ಹೀಗಿದೆ: ಪ್ರೋಗ್ರಾಮಿನೊಳಗಿನ ಮೂಲ ಬೆಲೆಗಿಂತ ಇಡೀ ಯಂತ್ರದ ಫೈಲು ಮೇಲು, ಅದಕ್ಕಿಂತ ಬಳಸುವವರ ಸ್ವಂತ ಫೈಲು, ಅದಕ್ಕಿಂತ ಎನ್ವಿರಾನ್‌ಮೆಂಟ್, ಎಲ್ಲಕ್ಕಿಂತ ಈಗ ಬೆರಳಿನಿಂದ ಒತ್ತಿದ್ದು. ಹತ್ತಿರದ ಮಾತು ದೂರದ ಮಾತನ್ನು ಮೀರಬೇಕು. ಇದನ್ನು ಸಾಧಿಸಲು ಗಿಟ್‌ನಂಥ ಪ್ರೋಗ್ರಾಮುಗಳು ದೂರದಿಂದ ಹತ್ತಿರಕ್ಕೆ ಓದುತ್ತ ಬರುತ್ತವೆ, ಕೊನೆಗೆ ಬಂದದ್ದು ನಿಲ್ಲುತ್ತದೆ. ಎಸ್‌ಎಸ್‌ಎಚ್ ತಿರುಗಾಮುರುಗಾ: ಹತ್ತಿರದಿಂದ ದೂರಕ್ಕೆ ಓದಿ, ಮೊದಲು ಸಿಕ್ಕ ಬೆಲೆಯನ್ನೇ ಹಿಡಿಯುತ್ತದೆ. ಆದ್ದರಿಂದ ಅದರ ಫೈಲಿನಲ್ಲಿ ಎಲ್ಲ ಯಂತ್ರಗಳಿಗೂ ಅನ್ವಯಿಸುವ ಭಾಗವನ್ನು ಕೊನೆಯಲ್ಲಿ ಬರೆಯಬೇಕು. ಮೊದಲು ಬರೆದರೆ ಕೆಳಗಿನ ವಿಶೇಷ ಸೂಚನೆಗಳು ವ್ಯರ್ಥ.

ಇಲ್ಲೊಂದು ಗಂಟು ಬೀಳುತ್ತದೆ. ಯಾವ ಕಾನ್ಫಿಗ್ ಫೈಲು ಓದಬೇಕೆಂದು ಹೇಳುವ ಆಪ್ಷನ್ ಕಮಾಂಡಿನಲ್ಲಿರುತ್ತದೆ, ಹಾಗಾಗಿ ಕಮಾಂಡನ್ನು ಮೊದಲು ಓದಬೇಕು. ಕಮಾಂಡಿನ ಬೆಲೆಗಳು ಫೈಲನ್ನು ಮೀರಬೇಕು, ಹಾಗಾಗಿ ಕಮಾಂಡನ್ನು ಕೊನೆಗೆ ಓದಬೇಕು. ಎರಡು ಸಲ ಓದುವುದು ನೇರವಾದ ಪರಿಹಾರ: ಮೊದಲ ಸಲ ಫೈಲಿನ ಹೆಸರಿಗಾಗಿ, ಆಪ್ಟ್‌ಇಂಡ್ ಅನ್ನು ಮತ್ತೆ 1ಕ್ಕೆ ತಂದು ಎರಡನೆಯ ಸಲ ಉಳಿದದ್ದಕ್ಕಾಗಿ. ಗ್ನೂ ಲೈಬ್ರರಿಯಲ್ಲಿ ಅದನ್ನು 0ಗೆ ತಂದರೆ ಒಳಗಿನ ಸ್ಥಿತಿಯೂ ಹೊಸದಾಗುತ್ತದೆ. ಇಲ್ಲವೇ ಒಂದೇ ಸಲ ಓದಿ, ಪ್ರತಿ ಬೆಲೆಯ ಜೊತೆ ಅದು ಎಲ್ಲಿಂದ ಬಂತೆಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಎರಡನೆಯ ದಾರಿ ಸ್ವಲ್ಪ ಉದ್ದ. ಆದರೆ ‘ಈ ಬೆಲೆ ಎಲ್ಲಿಂದ ಬಂತು’ ಎಂದು ಕೇಳುವವರಿಗೆ ಅದು ಮಾತ್ರ ಉತ್ತರ ಕೊಡಬಲ್ಲದು. ಗಿಟ್‌ಗೆ ಇದನ್ನೇ ಕೇಳಲು ಪ್ರತ್ಯೇಕ ಆಪ್ಷನ್ ಇರುವುದು ಅದನ್ನು ಬರೆದವರ ಕಾಳಜಿಯನ್ನು ತೋರಿಸುತ್ತದೆ.

ಪಾಸ್‌ವರ್ಡುಗಳಿಗೆ ಕಮಾಂಡಿನ ಸಾಲು ತಕ್ಕ ಜಾಗವಲ್ಲ. ಅದೇ ಯಂತ್ರದ ಬೇರೆಯವರು ಪಿಎಸ್ ಓಡಿಸಿದರೆ ಆರ್ಗ್‌ವಿ ಸಾಮಾನ್ಯವಾಗಿ ಅವರಿಗೂ ಕಾಣುತ್ತದೆ. ಓದಿದ ಕೂಡಲೇ ಆ ಬೈಟುಗಳನ್ನು ಅಳಿಸಿಹಾಕುವ ಪ್ರೋಗ್ರಾಮುಗಳಿದ್ದರೂ ಅಳಿಸುವ ಮುಂಚಿನ ಕ್ಷಣ ಉಳಿದೇ ಇರುತ್ತದೆ. ಅದರ ಒಡೆಯರಷ್ಟೇ ಓದಬಲ್ಲ ಫೈಲೇ ಸರಿ.

ತಪ್ಪು ಸಿಕ್ಕಾಗ ಹೇಗೆ ಹೇಳಬೇಕೆಂಬುದು ಪಾರ್ಸಿಂಗ್‌ನ ಕೊನೆಯ ಭಾಗ, ಬಹಳ ಮುಖ್ಯವಾದ ಭಾಗ. ಫೈಲಿನ ಹೆಸರು, ಸಾಲಿನ ಸಂಖ್ಯೆ, ಅರ್ಥವಾಗದ ಪದ, ಏನು ನಿರೀಕ್ಷಿಸಲಾಗಿತ್ತು: ಈ ನಾಲ್ಕೂ ಸಂದೇಶದಲ್ಲಿರಬೇಕು. ಕೇಳಿ ಪಡೆದ ಸಹಾಯದ ಪಠ್ಯ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಿ ಪ್ರೋಗ್ರಾಮು 0 ಹೇಳಿ ಮುಗಿಯಬೇಕು. ತಪ್ಪಿನ ಸಂದೇಶ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಿ ಸೊನ್ನೆಯಲ್ಲದ ಸಂಖ್ಯೆಯಲ್ಲಿ ಮುಗಿಯಬೇಕು. ಬಿಎಸ್‌ಡಿ ತಪ್ಪು ಬಳಕೆಗೆ 64 ಎಂಬ ಸಂಖ್ಯೆಯನ್ನು ಎತ್ತಿಟ್ಟಿದೆ. ಗ್ರೆಪ್ 2 ಹೇಳುತ್ತದೆ. ಹೆಸರು ತಪ್ಪಿ ಬರೆದ ಸಾಲನ್ನು ಸದ್ದಿಲ್ಲದೆ ದಾಟಿಹೋಗುವ ಪ್ರೋಗ್ರಾಮುಗಳು ಬಳಸುವವರಿಗೆ ದೊಡ್ಡ ಅನ್ಯಾಯ ಮಾಡುತ್ತವೆ. ಬೆಲೆ ಬದಲಿಸಿದ್ದೇವೆಂದು ಅವರು ನಂಬಿ ಕೂತಿರುತ್ತಾರೆ.

ದಿನವಿಡೀ ಓಡುವ ಸರ್ವರ್‌ಗಳು ಫೈಲನ್ನು ಒಂದೇ ಸಲ ಓದಿ ಮುಗಿಸುವುದಿಲ್ಲ. ಹ್ಯಾಂಗಪ್ ಸಿಗ್ನಲ್ ಬಂದಾಗ ಮತ್ತೆ ಓದುವುದು ವಾಡಿಕೆ. ಸಿಗ್ನಲ್ ಹಿಡಿಯುವ ಫಂಕ್ಷನ್ನಿನೊಳಗೆ ಫೈಲು ತೆರೆಯಬಾರದು. ಅಲ್ಲಿ ಒಂದು ಗುರುತು ಹಾಕಿ, ಮುಖ್ಯ ಲೂಪಿಗೆ ಮರಳಿದ ಮೇಲೆ ಓದಬೇಕು. ಓದುವಾಗಲೂ ಚಾಲ್ತಿಯಲ್ಲಿರುವ ಬೆಲೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗದೆ, ಹೊಸ ಸ್ಟ್ರಕ್ಚರನ್ನು ಪೂರ್ತಿ ತುಂಬಿ, ಎಲ್ಲ ಸರಿಯಿದ್ದರೆ ಮಾತ್ರ ಹಳೆಯದರ ಜಾಗದಲ್ಲಿ ಇಡಬೇಕು. ಸಿ ಭಾಷೆಯಲ್ಲೇ ಬರೆದ ಎಂಜಿನ್‌ಎಕ್ಸ್ ಹೀಗೆ ನಡೆದುಕೊಳ್ಳುತ್ತದೆ. ಹೊಸ ಫೈಲಿನಲ್ಲಿ ಒಂದು ಅರ್ಧವಿರಾಮ ತಪ್ಪಿದ್ದರೂ ದೋಷ ಕಂಡ ಸಾಲಿನ ಸಂಖ್ಯೆಯನ್ನು ಲಾಗ್‌ನಲ್ಲಿ ಬರೆದು, ಹಳೆಯ ಬೆಲೆಗಳ ಮೇಲೆಯೇ ಕೆಲಸ ಮುಂದುವರಿಸುತ್ತದೆ. ಓಡುತ್ತಿರುವ ಸರ್ವರನ್ನು ಮುಟ್ಟದೆ ಫೈಲನ್ನಷ್ಟೇ ಪರೀಕ್ಷಿಸಿ ನೋಡಬೇಕೆಂದರೆ ಅದಕ್ಕೂ ಒಂದು ಆಪ್ಷನ್ ಇದೆ: ಒಂದು ಹೈಫನ್, ಪಕ್ಕದಲ್ಲಿ ಟಿ.